ಕೂರದ ಬಣ್ಣ

ಆ ತಿಂಗಳು ಆ ಮನೆಯಲ್ಲಿ ಯಾರ ಮುಖವೂ ಪೂರ್ತಿಯಾಗಿ ಅವರದ್ದಾಗಿರಲಿಲ್ಲ. ಅಮ್ಮನ ಎಡಗೆನ್ನೆ, ಅತ್ತೆಯ ಹಣೆ, ಮಗಳ ಗಲ್ಲ, ಎಲ್ಲವೂ ಅಪ್ಪನ ಪ್ರಯೋಗಕ್ಕೆ ಮೀಸಲು. ಕರೆಂಟಿನ ಮೀಟರ್ ನೋಡಲು ಬಂದವನಿಗೆ ಅಮ್ಮ ಬಾಗಿಲು ತೆರೆದಾಗ ಅವಳ ಮುಖದ ಒಂದು ಭಾಗ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು, ಇನ್ನೊಂದು ಭಾಗ ಒಲೆಯ ಮುಂದಿನಿಂದ ಎದ್ದು ಬಂದಂತಿತ್ತು. ಅವನು ಅಂಕಿ ಬರೆದುಕೊಳ್ಳುವುದನ್ನು ಬಿಟ್ಟು, "ಏನಮ್ಮಾ, ಹುಷಾರಾಗಿದ್ದೀರಾ?" ಎಂದು ಕೇಳಿದ.

"ನಾನು ಹುಷಾರಾಗೇ ಇದ್ದೀನಪ್ಪ. ನಮ್ಮನೆಯವರ ಬಣ್ಣಕ್ಕೆ ಹುಷಾರಿಲ್ಲ. ಬೇಗ ಬರ್ಕೊ, ಆಲೂಗಡ್ಡೆ ಸೀದುಹೋಗ್ತಿದೆ."

ಅಪ್ಪ ಟೀವಿ ಕೇಂದ್ರದಲ್ಲಿ ಮೇಕಪ್ ಮಾಡುವವನು. ಅಲ್ಲಿನವರು ಅವನನ್ನು ಕರೆಯುವುದೇ ಮೇಷ್ಟ್ರು ಎಂದು. ಮಂತ್ರಿಗಳ ಬೋಳುತಲೆಯ ಹೊಳಪನ್ನು ಇಳಿಸಿದ ಕೈ ಅದು, ಜ್ವರ ಬಂದು ಬಾಡಿಹೋದ ಹಾಡುಗಾರರನ್ನು ಐದು ನಿಮಿಷದಲ್ಲಿ ಎಬ್ಬಿಸಿ ನಿಲ್ಲಿಸಿದ ಕೈ. ಅವನ ವಿದ್ಯೆಯೆಲ್ಲ ಹಳೆಯದು. ಗಟ್ಟಿ ಬಿಲ್ಲೆಯ ಬಣ್ಣ, ಒದ್ದೆ ಸ್ಪಂಜು, ಮೇಲೊಂದು ಕೈ ಪೌಡರು. ಅಷ್ಟರಲ್ಲೇ ಅವನು ಇಷ್ಟು ವರ್ಷ ಸಂಸಾರ ನಡೆಸಿದ್ದ.

ಕೆಟ್ಟದ್ದು ಕ್ಯಾಮೆರಾ ಬದಲಾದಾಗ. ಕೇಂದ್ರಕ್ಕೆ ಹೊಸ ಕ್ಯಾಮೆರಾಗಳು ಬಂದವು. ಅವು ಮುಖದ ಮೇಲಿನ ರಂಧ್ರ ರಂಧ್ರವನ್ನೂ ಎಣಿಸಿ ತೋರಿಸುವಂಥವು. ಬಿಲ್ಲೆಯ ಬಣ್ಣ ಅವುಗಳಲ್ಲಿ ಗೋಡೆಗೆ ಗಿಲಾವು ಮಾಡಿದ ಹಾಗೆ ಕಾಣತೊಡಗಿತು. ನಿರ್ಮಾಪಕರು ಅಪ್ಪನನ್ನು ಕರೆದು, "ಮೇಷ್ಟ್ರೇ, ಇನ್ನು ಇದು ನಡೆಯಲ್ಲ. ಫೌಂಡೇಶನ್ ಅಂತ ತೆಳ್ಳಗಿನ ಬಣ್ಣ ತರಿಸಿದ್ದೀವಿ. ಅದರ ಕೆಳಗೆ ಹಚ್ಚೋದು, ಮೇಲೆ ಹಚ್ಚೋದು ಏನೇನು ಬೇಕೋ ನೀವೇ ನೋಡ್ಕೊಳ್ಳಿ," ಎಂದರು.

ಅಪ್ಪನಿಗೆ ಗಾಬರಿಯಾಗಲಿಲ್ಲ, ಹೆಮ್ಮೆಯಾಯಿತು. ಏಕೆಂದರೆ ಅವನ ಮಗಳು ಅದೇ ವಿದ್ಯೆಯವಳು. ದೊಡ್ಡ ಅಂಗಡಿಯೊಂದರ ನೆಲಮಹಡಿಯಲ್ಲಿ ಸೌಂದರ್ಯ ಸಾಮಗ್ರಿಯ ಕೌಂಟರಿನಲ್ಲಿ ಅವಳು ನಿಂತು ಮಾರುತ್ತಾಳೆ. ನಿಂತು ಎಂದದ್ದು ಸುಮ್ಮನೆ ಅಲ್ಲ. ಅಲ್ಲಿ ಕುರ್ಚಿಯೇ ಇಲ್ಲ. ಚಿಕ್ಕಂದಿನಲ್ಲಿ ಅಪ್ಪನ ಬಣ್ಣದ ಡಬ್ಬಿಗಳ ನಡುವೆಯೇ ಆಡಿ, ಅಲ್ಲೇ ಮಲಗಿ ಬೆಳೆದವಳಾದ್ದರಿಂದ ಮನೆಯಲ್ಲಿ ಅವಳನ್ನು ಕರೆಯುವುದು ಡಬ್ಬಿ ಎಂದು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೂರು ಮೂರು ತಿಂಗಳಿಗೆ ಮುಂದುವರಿಸುತ್ತಿದ್ದರು.

ಅಪ್ಪ ಕೇಳಿದ ದಿನ ಡಬ್ಬಿ ಊಟದ ತಟ್ಟೆಯ ಪಕ್ಕದಲ್ಲೇ ಒಂದು ಸಣ್ಣ ಟ್ಯೂಬ್ ತಂದಿಟ್ಟಳು.

"ಇದು ಪ್ರೈಮರ್ ಅಪ್ಪ. ಫೌಂಡೇಶನ್ನಿಗೆ ಮೊದಲು ಇದನ್ನ ಹಚ್ಚಬೇಕು. ಮುಖದ ಗುಂಡಿಗಳೆಲ್ಲ ತುಂಬಿ ಚರ್ಮ ಸಪಾಟಾಗುತ್ತೆ. ಮುಟ್ಟಿ ನೋಡು."

ಅಪ್ಪ ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದ. "ಆಹಾ, ರೇಷ್ಮೆ ಕಣೇ. ಎಷ್ಟು ಸಿಗುತ್ತೆ?"

"ಎಷ್ಟು ಬೇಕಾದ್ರೂ ಸಿಗುತ್ತೆ."

ಸಿಗದೆ ಏನು! ಆ ಪ್ರೈಮರಿನ ಪೆಟ್ಟಿಗೆಗಳು ಅಂಗಡಿಯ ಗೋದಾಮಿನಲ್ಲಿ ಖರ್ಚಾಗದೆ ಕೂತಿದ್ದವು. "ಯಾವ ಫೌಂಡೇಶನ್ನಿಗಾದ್ರೂ ಹೊಂದುತ್ತೆ ಅಂತ ಹೇಳು, ಹೋಗಲಿ ಮೊದಲು," ಎಂದು ಕೌಂಟರಿನ ಮೇಲ್ವಿಚಾರಕಿ ಎಲ್ಲ ಹುಡುಗಿಯರಿಗೂ ಹೇಳಿದ್ದಳು. ಕೇಂದ್ರದವರು ಅಪ್ಪನ ಮಾತಿನ ಮೇಲೆ ಇಡೀ ವರ್ಷಕ್ಕಾಗುವಷ್ಟು ಒಮ್ಮೆಗೇ ತರಿಸಿಕೊಂಡರು. ಮೇಲ್ವಿಚಾರಕಿ ಡಬ್ಬಿಯ ಬೆನ್ನು ತಟ್ಟಿ, ಕಾಯಂ ಮಾಡುವವರ ಪಟ್ಟಿಗೆ ಅವಳ ಹೆಸರು ಕಳಿಸಿದಳು. ಯಾವ ಫೌಂಡೇಶನ್ನಿನ ಕೆಳಗೆ ಈ ಪ್ರೈಮರ್ ಹೋಗುತ್ತದೆ ಎಂದು ಡಬ್ಬಿ ಕೇಳಲಿಲ್ಲ. ಕೇಳಬೇಕಾಗಿತ್ತು.

ಎಂಟು ಗಂಟೆಯ ವಾರ್ತೆ ಓದುವ ಹೆಂಗಸಿಗೆ ಈ ಮನೆಯಲ್ಲಿ ಎಂಟರಮ್ಮ ಎಂದು ಹೆಸರು. ಅವಳ ಮುಖ ಅಪ್ಪನ ಮುಖ್ಯ ಆಸ್ತಿ. ರಾತ್ರಿಯ ಊಟ ನಡೆಯುವುದೇ ಅವಳ ಎದುರು. ವಾರ್ತೆಯಲ್ಲಿ ಯಾವ ಸರ್ಕಾರ ಬಿತ್ತು, ಯಾವ ಸೇತುವೆ ಎದ್ದಿತು ಎನ್ನುವುದು ಇವರಿಗೆ ಬೇಕಿರಲಿಲ್ಲ. ಹಣೆ ಹೊಳೆಯುತ್ತಿದೆಯೇ, ಮೂಗಿನ ಪಕ್ಕ ಬಿರುಕು ಬಿಟ್ಟಿದೆಯೇ, ಅಷ್ಟೇ ಸಮಾಚಾರ. ಹೊಸ ಬಣ್ಣದ ಮೊದಲ ದಿನ ಎಂಟರಮ್ಮ ಚೆನ್ನಾಗಿಯೇ ಶುರು ಮಾಡಿದಳು. ಹವಾಮಾನ ವರದಿ ಬರುವ ಹೊತ್ತಿಗೆ ಅವಳ ಗಲ್ಲದ ಮೇಲೆ ಏನೋ ಸಣ್ಣ ಸಣ್ಣ ಪುಡಿ ಕಾಣಿಸಿತು.

"ಏನದು, ಬ್ರೆಡ್ ತಿಂದು ಬಾಯಿ ಒರೆಸ್ಕೊಂಡಿಲ್ವಾ?" ಎಂದಳು ಅತ್ತೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಟೆಲಿಫೋನ್ ಕಚೇರಿಯಲ್ಲಿ ಇಡೀ ಆಯುಷ್ಯ ಕೂತು ನಿವೃತ್ತಳಾಗಿ ಬಂದವಳು. ಅಂದಿನಿಂದ ಯಾರು ಯಾರ ಜೊತೆ ಮಾತಾಡುತ್ತಿದ್ದರೂ ನಡುವೆ ಬಾಯಿ ಹಾಕುವುದು ತನ್ನ ಹಕ್ಕು ಎಂದು ನಂಬಿದವಳು.

ಅಪ್ಪ ಬಂದು ಕೈಕಾಲು ತೊಳೆಯುವ ಮೊದಲೇ ಅತ್ತೆ ವರದಿ ಒಪ್ಪಿಸಿದಳು. "ನಿನ್ನ ಎಂಟರಮ್ಮನ ಮುಖ ಉದುರ್ತಾ ಇತ್ತು ಕಣೋ."

"ಗೊತ್ತು. ಲೈಟಿನ ಬಿಸಿ. ನಾಳೆ ಸರಿಹೋಗುತ್ತೆ."

ನಾಳೆ ಸರಿಹೋಗಲಿಲ್ಲ. ನಾಡಿದ್ದೂ ಇಲ್ಲ. ಬಣ್ಣ ಕೂರುತ್ತಲೇ ಇರಲಿಲ್ಲ. ಹಚ್ಚುವಾಗ ನುಣ್ಣಗೆ ಹರಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಜಾರಿ ಅಲ್ಲಲ್ಲಿ ಗುಂಪುಗೂಡುತ್ತಿತ್ತು. ಸರಿಮಾಡೋಣವೆಂದು ಬೆರಳು ಆಡಿಸಿದರೆ ರಬ್ಬರಿನಿಂದ ಪೆನ್ಸಿಲ್ ಗೀಟು ಅಳಿಸಿದಾಗ ಬರುವಂಥ ಪುಡಿ ಸುರುಳಿಯಾಗಿ ಎದ್ದು ಬರುತ್ತಿತ್ತು. ಅಪ್ಪ ಸ್ಪಂಜು ಬದಲಾಯಿಸಿದ. ಪೌಡರು ಬಿಟ್ಟ. ಮತ್ತೆ ಹಾಕಿದ. ಎಂಟರಮ್ಮನ ಮುಖಕ್ಕೆ ಐಸ್ ಉಜ್ಜಿದ. ಅವಳು ಶೀತವಾಗಿ ಮೂಗಿನಲ್ಲೇ ವಾರ್ತೆ ಓದಿದಳು. ಕೊನೆಗೆ ಮನೆಯವರ ಮುಖಗಳ ಮೇಲೆ ಬಿದ್ದ.

ಅಮ್ಮ ಮನೆಯಲ್ಲೇ ಬಟ್ಟೆ ರಿಪೇರಿ ಮಾಡುವವಳು. ಹೊಲಿಗೆ ಯಂತ್ರದ ಮುಂದೆ ಕೂತವಳ ಕೆನ್ನೆಗೆ ಹಿಂದಿನಿಂದ ಬಂದು ಬಣ್ಣ ಹಚ್ಚಿ, "ಅಲ್ಲಾಡಬೇಡ, ಸ್ವಲ್ಪ ಹೊತ್ತು ನೋಡೋಣ," ಎನ್ನುತ್ತಿದ್ದ.

"ಅಲ್ಲಾಡದೆ ಹೊಲಿಯೋದು ಹೇಗ್ರೀ? ಗಿರಾಕಿ ಪ್ಯಾಂಟಿಗೆ ನನ್ನ ಕೆನ್ನೆ ಅಂಟ್ಕೊಂಡಿದೆ ನೋಡಿ. ಅದನ್ನ ಒಗೆಯೋರು ಯಾರು?"

"ನಾನೇ ಒಗೀತೀನಿ."

"ನೀವು ಒಗೆದದ್ದನ್ನ ಮತ್ತೆ ಒಗೆಯೋರು ಯಾರು?"

ಅಪ್ಪನಿಗೆ ರಜೆಯಿದ್ದ ಒಂದು ಸಂಜೆ ಅತ್ತೆಯ ಹಣೆಯ ಸರದಿ. ಅಪ್ಪ ಪ್ರೈಮರ್ ಹಚ್ಚಿದ, ಫೌಂಡೇಶನ್ ಹಚ್ಚಿದ, ಒತ್ತಿದ, ಉಜ್ಜಿದ. ಪುಡಿ ಎದ್ದಿತು. ಇನ್ನಷ್ಟು ಪ್ರೈಮರ್ ಹಚ್ಚಿದ. ಇನ್ನಷ್ಟು ಪುಡಿ ಎದ್ದಿತು.

ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಆ ಕೆಳಗೆ ಹಚ್ಚೋ ಜಿಡ್ಡು ಬಿಟ್ಟು ನೋಡೋ ಒಂದ್ಸಲ."

"ಅದು ಜಿಡ್ಡಲ್ಲಕ್ಕ. ಅದೇ ಇದರಲ್ಲಿ ಸರಿಯಾಗಿರೋ ಒಂದು ವಸ್ತು. ಡಬ್ಬಿ ತರಬೇತಿ ತಗೊಂಡು, ತಿಳ್ಕೊಂಡು ಕೊಟ್ಟಿರೋದು. ಅಡಿಪಾಯ ಭದ್ರವಾಗಿದೆ. ತಪ್ಪು ಇರೋದು ಮೇಲೆ."

"ಮೇಲೆ ಅಂದ್ರೆ?"

ಅಪ್ಪ ಮತ್ತೆ ಸ್ಪಂಜು ಎತ್ತಿದ. ಅತ್ತೆ ಕಣ್ಣು ತೆರೆದಳು. ಅವಳ ಮೂಗಿನ ಮುಂದೆ ಸ್ಪಂಜು ಹಿಡಿದ ಕೈ ಇತ್ತು.

"ಅಯ್ಯೋ, ನಿನ್ನ ಕೈ ನಡುಗ್ತಿದೆಯಲ್ಲೋ!"

ಹೇಳಬಾರದ ಮಾತು ಹಾಗೆ ಹೊರಬಿತ್ತು. ಅಪ್ಪ ಕಿಟಕಿಯ ಬೆಳಕಿಗೆ ಹೋಗಿ ಬೆರಳುಗಳನ್ನು ಚಾಚಿ ನೋಡಿಕೊಂಡ. ನಡುಗುತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಬೆಳಗಿನಿಂದ ಬಟ್ಟೆ ಹಿಂಡಿ, ಸಂಜೆತನಕ ಸ್ಪಂಜು ಹಿಡಿದ ಯಾವ ಕೈಯಾದರೂ ಅಷ್ಟು ನಡುಗುತ್ತದೆ. ಆದರೆ ಆ ದಿನದಿಂದ ಮನೆಯವರೆಲ್ಲ ಅವನ ಕೈಯನ್ನೇ ನೋಡಲು ಶುರು ಮಾಡಿದರು. ನೋಡುತ್ತಿದ್ದಾರೆಂದು ಗೊತ್ತಾದ ಮೇಲೆ ಅದು ನಿಜವಾಗಿಯೂ ನಡುಗತೊಡಗಿತು. ಅಮ್ಮ ಅವನ ಲೋಟಕ್ಕೆ ಅರ್ಧವೇ ಚಹಾ ಹಾಕುವುದನ್ನು ಅಭ್ಯಾಸ ಮಾಡಿಕೊಂಡಳು. ಕೇಳಿದರೆ, "ಹಾಲು ಕಡಿಮೆ ಇದೆ," ಎನ್ನುತ್ತಿದ್ದಳು.

ಡಬ್ಬಿಗೆ ವಿಷಯ ತಿಳಿದದ್ದು ಒಂದು ಭಾನುವಾರ. ಅಪ್ಪ ಬಚ್ಚಲಿನಲ್ಲಿ ಸ್ಪಂಜುಗಳನ್ನು ತೊಳೆಯುತ್ತಿದ್ದ; ಅವಳು ಅವನ ಮೇಕಪ್ ಪೆಟ್ಟಿಗೆಯನ್ನು ಖಾಲಿ ಮಾಡಿ ಬ್ರಷ್‌ಗಳನ್ನು ಬಿಸಿಲಿಗೆ ಹರಡುತ್ತಿದ್ದಳು. ಕೇಂದ್ರದವರು ತರಿಸಿದ ಫೌಂಡೇಶನ್ ಬಾಟಲಿಯನ್ನು ಅವಳು ಹತ್ತಿರದಿಂದ ನೋಡಿದ್ದು ಆಗಲೇ. ಕೈಗೆ ಬಂದ ಬಾಟಲಿಯ ಬೆನ್ನು ಓದುವುದು ಕೌಂಟರಿನವರ ಚಟ. ಮೊದಲು ನೀರು ಎಂದಿತ್ತು. ಅದೇನೂ ವಿಶೇಷವಲ್ಲ, ಬಹುತೇಕ ಬಾಟಲಿಗಳಲ್ಲಿ ಮೊದಲು ಇರುವುದು ನೀರೇ. ನೀರಿನ ನಂತರ ಏನಿದೆ ಎಂದು ನೋಡಬೇಕು. ಅವಳು ಸಾಲು ಸಾಲಾಗಿ ಬೆರಳಿಟ್ಟು ಓದಿದಳು. ಡೈಮೆಥಿಕೋನ್ ಇಲ್ಲ. ಕೋನ್ ಎಂದು ಮುಗಿಯುವ ಒಂದು ಹೆಸರೂ ಇಲ್ಲ. ಶುದ್ಧ ನೀರಿನ ಜಾತಿ. ಅವಳು ಕೊಟ್ಟ ಪ್ರೈಮರಿನಲ್ಲಿದ್ದದ್ದು ಬರೀ ಕೋನ್‌ಗಳು, ಅಂದರೆ ಪೂರ್ತಿ ಸಿಲಿಕೋನ್.

ತರಬೇತಿಯಲ್ಲಿ ಮೊದಲ ದಿನವೇ ಹೇಳಿದ್ದರು. ನೀರಿನದರ ಮೇಲೆ ನೀರಿನದು, ಸಿಲಿಕೋನಿನ ಮೇಲೆ ಸಿಲಿಕೋನಿನದು. ನುಣುಪಾದ ಸಿಲಿಕೋನಿನ ಮೇಲೆ ನೀರಿನ ಬಣ್ಣಕ್ಕೆ ಕಾಲೂರಲು ಜಾಗವಿಲ್ಲ; ಜಾರುತ್ತದೆ, ಉಜ್ಜಿದಷ್ಟೂ ಎರಡೂ ಸೇರಿ ಸುರುಳಿಯಾಗಿ ಎದ್ದು ಬರುತ್ತದೆ. ಇವೆರಡರದ್ದು ಎಣ್ಣೆ ಸೀಗೆಕಾಯಿ ಸಂಬಂಧ. ಅಪ್ಪ ಉಜ್ಜುತ್ತಲೇ ಇದ್ದ.

"ಏನೇ ಡಬ್ಬಿ, ಬಾಟಲೀಲಿ ಏನು ಬರೆದಿದೆ?" ಎಂದು ಅಪ್ಪ ಬಚ್ಚಲಿನಿಂದ ಕೂಗಿದ.

"ಏನಿಲ್ಲಪ್ಪ. ಯಾವಾಗ ಹಾಳಾಗುತ್ತೆ ಅಂತ ನೋಡ್ತಿದ್ದೆ."

ಸೋಮವಾರ ಅವಳು ಮೇಲ್ವಿಚಾರಕಿಯನ್ನು ಒಂದು ಮೂಲೆಗೆ ಕರೆದು ಕೇಳಿದಳು. "ಟೀವಿ ಕೇಂದ್ರದವರು ಆ ಪ್ರೈಮರ್ ವಾಪಸ್ ಕೊಟ್ರೆ ಏನಾಗುತ್ತೆ?"

"ಯಾಕೆ ಕೊಡ್ತಾರೆ?"

"ಅವರ ಫೌಂಡೇಶನ್ನಿಗೆ ಹೊಂದಲ್ಲ."

ಮೇಲ್ವಿಚಾರಕಿ ಸುತ್ತ ನೋಡಿ ದನಿ ತಗ್ಗಿಸಿದಳು. "ನೋಡು, ನಿನ್ನ ಹೆಸರು ಮೇಲೆ ಹೋಗಿರೋದೇ ಆ ಒಂದು ಮಾರಾಟದಿಂದ. ಮಾಲು ವಾಪಸ್ ಬಂದ್ರೆ ಹೆಸರೂ ವಾಪಸ್ ಬರುತ್ತೆ. ತಿಂಗಳ ಕೊನೇಲಿ ಆದೇಶ ಬರುತ್ತೆ. ಅಲ್ಲೀವರೆಗೆ ಬಾಯಿಗೆ ಬೀಗ ಹಾಕ್ಕೊ. ಆಮೇಲೆ ನಿನ್ನಿಷ್ಟ."

ತಿಂಗಳ ಕೊನೆ ದೂರವಿರಲಿಲ್ಲ. ಅಷ್ಟು ದಿನ ತಾನೇ, ಎಂದು ಡಬ್ಬಿ ತನಗೆ ತಾನೇ ಹೇಳಿಕೊಂಡಳು. ನುಂಗಲೂ ಆಗದೆ ಉಗುಳಲೂ ಆಗದೆ ಬಿಸಿ ತುಪ್ಪವನ್ನು ಬಾಯಲ್ಲಿಟ್ಟುಕೊಂಡು ಅವಳು ಮನೆಗೂ ಕೌಂಟರಿಗೂ ಓಡಾಡಿದಳು. ನಡುವೆ ಅರ್ಧಂಬರ್ಧ ಉಪಾಯಗಳನ್ನೂ ಹೇಳಿಕೊಟ್ಟಳು. "ಅಪ್ಪಾ, ಪ್ರೈಮರ್ ಒಂಚೂರೇ ಹಾಕು," ಎಂದಳು. "ಹಾಕಿದ ಮೇಲೆ ಸ್ವಲ್ಪ ಹೊತ್ತು ಒಣಗೋಕೆ ಬಿಡು. ಆಮೇಲೆ ಉಜ್ಜಬೇಡ, ಸ್ಪಂಜಿನಿಂದ ಬರೀ ಒತ್ತು." ಅಪ್ಪ ಹಾಗೇ ಮಾಡಿದ. ಒಂದು ದಿನ ಪರವಾಗಿಲ್ಲ ಎನ್ನುವಂತಿತ್ತು. ಮರುದಿನ ಒಣಗಲು ಬಿಟ್ಟು ಕೂತಿದ್ದಾಗ ವಾರ್ತೆಗೆ ಹೊತ್ತಾಯಿತು, ನಿರ್ಮಾಪಕರು ಎಲ್ಲರೆದುರು, "ಮೇಷ್ಟ್ರೇ, ಇದೇನು ಹಪ್ಪಳ ಒಣಗಿಸ್ತಿದ್ದೀರಾ?" ಎಂದು ಕೂಗಿದರು.

ಅಪ್ಪ ಅದನ್ನು ಊಟದ ಹೊತ್ತಿನಲ್ಲಿ ತಾನೇ ಹೇಳಿ ನಕ್ಕ. ಯಾರೂ ನಗಲಿಲ್ಲ.

"ಕುಣಿಯೋಕೆ ಬರದವರು ನೆಲ ಡೊಂಕು ಅಂತಾರೆ," ಎಂದಳು ಅತ್ತೆ. "ಇವನೊಬ್ಬ. ನೆಲ ಹೇಗಿದೆ ಅಂತ ನೋಡದೆ ತನ್ನ ಕಾಲೇ ಡೊಂಕು ಅಂತಾನೆ."

"ಅತ್ತಿಗೆ, ಸುಮ್ಮನೆ ಊಟ ಮಾಡಿ," ಎಂದಳು ಅಮ್ಮ. "ಅವರ ಕೈ ಬಗ್ಗೆ ಮಾತಾಡಬೇಡಿ."

"ನಾನು ಕೈ ಸುದ್ದಿ ಎತ್ತಲೇ ಇಲ್ಲವಲ್ಲ!"

"ಎತ್ತಿದ್ದೇ ನೀವು ಮೊದಲು."

"ಆಹಾ, ಚಹಾ ಅಳೆದು ಹಾಕ್ತಿರೋದು ಯಾರು?"

"ಸಾಕು!" ಎಂದ ಅಪ್ಪ. ಅವನು ಕೂಗಿದ್ದು ಆ ಮನೆಯಲ್ಲಿ ಅಪರೂಪ. ಡಬ್ಬಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು.

ಕಾಯಂ ಆದೇಶ ಗುರುವಾರ ಬಂತು. ಅವಳು ಕೇಕ್ ತಂದಳು. ಇವತ್ತೇ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಕೇಕಿನ ಎರಡು ತುಂಡು ತಿಂದು ಮೂರನೆಯದಕ್ಕೆ ಕೈ ಹಾಕಿದಳು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, "ನನ್ನ ಕೈ ಸೋಲೋ ಹೊತ್ತಿಗೆ ಸರಿಯಾಗಿ ನಿನ್ನ ಕೈ ಕುದುರಿತು ನೋಡು. ಮನೆ ನಡೆಯುತ್ತೆ ಬಿಡು, ಇನ್ನು ಭಯ ಇಲ್ಲ," ಎಂದ. ಆ ಕೈ ತಲೆಯ ಮೇಲಿರುವಾಗ ಅವಳಿಗೆ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳೋಣ ಎಂದುಕೊಂಡಳು. ಶುಕ್ರವಾರ ಅಪ್ಪ ಬರುವುದು ತಡವಾಯಿತು, ಅವಳಿಗೆ ನಿದ್ದೆ ಬಂತು. ಹೇಡಿಗಳಿಗೆ ನಿದ್ದೆ ಬಹಳ ಚೆನ್ನಾಗಿ ಬರುತ್ತದೆ.

ಶನಿವಾರ ಮಧ್ಯಾಹ್ನ ಎಲ್ಲೋ ದೊಡ್ಡ ಸೇತುವೆ ಕುಸಿಯಿತು. ಟೀವಿಯವರು ಎಂಟರಮ್ಮನನ್ನು ಮಧ್ಯಾಹ್ನವೇ ಕೂರಿಸಿ ನೇರಪ್ರಸಾರ ಶುರು ಮಾಡಿದರು. ಬಿಡುವೇ ಇಲ್ಲದೆ ಅವಳು ಮಾತಾಡುತ್ತ ಹೋದಳು. ಜಾಹೀರಾತಿನ ನಡುವೆ ಅಪ್ಪ ಓಡಿ ಹೋಗಿ ಅವಳ ಮುಖವನ್ನು ಒತ್ತಿ, ಉಜ್ಜಿ, ಮತ್ತೆ ಹಚ್ಚಿ ಬರುತ್ತಿದ್ದನೆಂದು ಕಾಣುತ್ತದೆ. ಪ್ರತಿ ಸಲವೂ ಅವಳು ಇನ್ನಷ್ಟು ಕೆಟ್ಟು ಬರುತ್ತಿದ್ದಳು. ಮೂಗಿನ ಎರಡು ಬದಿಗೂ ಬಣ್ಣ ಸೀಳಿ ನಿಂತಿತ್ತು. ಹಣೆಯಿಂದ ಎದ್ದ ಪುಡಿ ಅವಳ ಕಪ್ಪು ಕೋಟಿನ ಭುಜದ ಮೇಲೆ ಉದುರಿ ಬಿದ್ದಿತ್ತು. ಪರದೆಯ ಕೆಳಗಿನ ಭಾಗದಲ್ಲಿ ಜನ ನದಿಯಲ್ಲಿ ತಮ್ಮವರನ್ನು ಹುಡುಕುತ್ತಿದ್ದರೆ ಮೇಲೆ ಇವಳ ಮುಖದಿಂದ ಸುಣ್ಣ ಉದುರುತ್ತಿತ್ತು. ಅದು ಎಲ್ಲರ ಮನೆಯಲ್ಲೂ ಕಾಣುತ್ತಿತ್ತು.

ಅಮ್ಮ ಎದ್ದು ಟೀವಿ ಆರಿಸಿದಳು. "ಯಾರೂ ಏನೂ ಕೇಳಬಾರದು ಅವರನ್ನ," ಎಂದಳು.

ಕೇಳಬೇಕಾಗಿ ಬರಲಿಲ್ಲ. ಭಾನುವಾರ ಬೆಳಿಗ್ಗೆ ಅಪ್ಪ ಚಹಾದ ಮುಂದೆ ಕೂತು ತಾನೇ ಹೇಳಿದ. ದನಿ ಏರಿಸಲಿಲ್ಲ.

"ನಿರ್ಮಾಪಕರ ಹತ್ರ ಹೇಳಿ ಬಂದೆ. ಕೈ ಕೂರ್ತಿಲ್ಲ, ಬೇರೆಯವರನ್ನ ನೋಡ್ಕೊಳ್ಳಿ ಅಂತ. ಪಾಪ, ಒಳ್ಳೆ ಮನುಷ್ಯ. ಕಳಿಸಲಿಲ್ಲ. ಬಟ್ಟೆ ವಿಭಾಗದಲ್ಲಿ ಇಸ್ತ್ರಿ ನೋಡ್ಕೊಳ್ಳಿ ಅಂದ್ರು. ಸಂಬಳ ಅದೇ."

"ಇಸ್ತ್ರಿನಾ?" ಎಂದಳು ಅತ್ತೆ.

"ಇಸ್ತ್ರಿಗೆ ಕೈ ನಡುಗಿದ್ರೂ ನಡೆಯುತ್ತೆ. ಪೆಟ್ಟಿಗೆ ಭಾರ ಇರುತ್ತಲ್ಲ."

ಆಗ ಡಬ್ಬಿ ಹೇಳಿದಳು. ಜೋಡಿಸಿಟ್ಟ ಮಾತು ಒಂದೂ ನೆನಪಿಗೆ ಬರಲಿಲ್ಲ. "ಅಪ್ಪಾ, ನಿನ್ನ ಕೈ ಅಲ್ಲ. ನಾನು ಕೊಟ್ಟ ಪ್ರೈಮರ್. ಅದು ಸಿಲಿಕೋನು, ನಿಮ್ಮದು ನೀರಿನ ಫೌಂಡೇಶನ್. ಅವೆರಡೂ ಸೇರಲ್ಲ. ಯಾರು ಹಚ್ಚಿದ್ರೂ ಹಾಗೇ ಆಗೋದು."

ಅಪ್ಪ ನಕ್ಕ. ಎಳೆಯ ಮಗು ಬಿದ್ದ ಆಟಿಕೆಯನ್ನು ಎತ್ತಿ ಕೊಟ್ಟಾಗ ದೊಡ್ಡವರು ನಗುವ ಹಾಗೆ ನಕ್ಕ. "ನನಗೆ ಸಮಾಧಾನ ಆಗಲಿ ಅಂತ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೋಬೇಡ ಮರೀ. ವಯಸ್ಸು ಎಲ್ಲರಿಗೂ ಆಗುತ್ತೆ."

"ಸಮಾಧಾನ ಅಲ್ಲಪ್ಪ, ನಿಜ!"

"ಆಯ್ತು ನಿಜ. ಚಹಾ ಕುಡಿ."

ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಅಡುಗೆಮನೆಯಿಂದ ಒಂದು ತಟ್ಟೆ ತಂದು ಅವನ ಮುಂದೆ ಕುಕ್ಕಿದಳು. ಪೆಟ್ಟಿಗೆಯಿಂದ ಪ್ರೈಮರ್ ತೆಗೆದು ಒಂದು ಚೂರು ಹಿಂಡಿದಳು, ಪಕ್ಕದಲ್ಲೇ ಫೌಂಡೇಶನ್ ಎರಡು ಹನಿ ಬಿಟ್ಟಳು, ಚಮಚದ ಹಿಂಬದಿಯಿಂದ ಕಲಸಿದಳು. ಒಡೆದ ಹಾಲಿನ ಹಾಗೆ ಎರಡೂ ಬೇರೆ ಬೇರೆಯಾಗಿ ಗಂಟು ಗಂಟಾಗಿ ನಿಂತವು. ಎಷ್ಟು ಕಲಸಿದರೂ ಒಂದಾಗಲಿಲ್ಲ.

ಅಪ್ಪ ನಗು ನಿಲ್ಲಿಸಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ತಟ್ಟೆ ಬೇರೆ, ಮುಖ ಬೇರೆ," ಎಂದ. ಆದರೆ ದನಿ ಮೊದಲಿನಂತಿರಲಿಲ್ಲ.

"ನನ್ನ ಮುಖ ಇಲ್ಲೇ ಬಿದ್ದಿದೆಯಲ್ಲ," ಎಂದಳು ಅತ್ತೆ. ಕನ್ನಡಕ ತೆಗೆದು ಕುರ್ಚಿ ಎಳೆದುಕೊಂಡು ಬೆಳಕಿಗೆ ಕೂತಳು. "ಬಾರೋ. ಒಂದು ಕೆನ್ನೆಗೆ ಆ ಜಿಡ್ಡು ಹಾಕು, ಇನ್ನೊಂದಕ್ಕೆ ಹಾಕಬೇಡ. ಅವತ್ತೇ ಹೇಳಿದ್ದೆ. ಈ ಮನೇಲಿ ಮುದುಕಿ ಮಾತು ಯಾರು ಕೇಳ್ತಾರೆ?"

ಅಪ್ಪ ಎಡಗೆನ್ನೆಗೆ ಪ್ರೈಮರ್ ಹಚ್ಚಿದ. ಬಲಗೆನ್ನೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬರಿದೇ ಬಿಟ್ಟ. ಎರಡಕ್ಕೂ ಒಂದೇ ಸ್ಪಂಜಿನಿಂದ, ಒಂದೇ ಬಾಟಲಿಯಿಂದ ಫೌಂಡೇಶನ್ ಹಚ್ಚಿದ. ಅಮ್ಮ ಯಂತ್ರ ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಂತಳು. ಎಡಗೆನ್ನೆಯಲ್ಲಿ ಮಾಮೂಲಿ ಪುಡಿ ಎದ್ದಿತು. ಬಲಗೆನ್ನೆಯಲ್ಲಿ ಬಣ್ಣ ಕೂತಿತು. ಸುಕ್ಕಿನ ಒಳಗೆ, ಅಂಚಿನ ಮೇಲೆ, ಕಿವಿಯ ಬುಡದವರೆಗೆ, ಇದು ಬಣ್ಣವೇ ಅಲ್ಲ, ಇವಳ ಚರ್ಮವೇ ಇಷ್ಟು ಚೆಂದ ಎನ್ನುವ ಹಾಗೆ ಕೂತಿತು. ಅಪ್ಪ ಬೆರಳಿನಿಂದ ಉಜ್ಜಿದ. ಏಳಲಿಲ್ಲ.

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ರೀ, ನಿಮ್ಮ ಕೈ ನಡುಗಲಿಲ್ಲ," ಎಂದಳು.

ಅಪ್ಪ ಕೈಯನ್ನು ನೋಡಿಕೊಳ್ಳಲಿಲ್ಲ. ಮಗಳನ್ನು ನೋಡಿದ. "ನಿನಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ನಿನ್ನೆ ಎನ್ನಬಹುದಿತ್ತು, ಎಲ್ಲರೂ ನಂಬುತ್ತಿದ್ದರು.

"ನೀನು ಸ್ಪಂಜು ತೊಳೀತಿದ್ದ ಭಾನುವಾರ. ಬಾಟಲಿ ಹಿಂದೆ ಓದಿದಾಗ. ಮಾಲು ವಾಪಸ್ ಬಂದ್ರೆ ಕಾಯಂ ಮಾಡಲ್ಲ ಅಂದ್ರು ಅಂಗಡೀಲಿ. ಆದೇಶ ಬಂದ ಮೇಲೆ ಹೇಳೋಣ ಅಂತ."

"ಆದೇಶ ಬಂದದ್ದು ಗುರುವಾರ."

"ಹೂಂ."

ಅಪ್ಪ ಸ್ಪಂಜನ್ನು ತಟ್ಟೆಯ ಅಂಚಿಗಿಟ್ಟ. ಮಾತಾಡಿದವಳು ಅಮ್ಮ. "ಇವರ ಲೋಟಕ್ಕೆ ನಾನು ಅರ್ಧ ಚಹಾ ಹಾಕುವಾಗ ನೀನು ಇದೇ ಕುರ್ಚೀಲಿ ಕೂತಿದ್ದೆ. ದಿನಾ ಕೂತಿದ್ದೆ. ನೋಡ್ತಿದ್ದೆ."

"ಅಮ್ಮಾ..."

"ಅಮ್ಮ ಅನ್ನಬೇಡ. ನಿನಗೋಸ್ಕರ ಒಂದು ತುತ್ತು ಕಡಿಮೆ ತಿನ್ನಿ ಅಂದಿದ್ರೆ ತಿಂತಿದ್ವಿ. ಕೆಲಸ ಹೋಗುತ್ತೆ, ಸುಮ್ಮನಿರಿ ಅಂದಿದ್ರೂ ಸುಮ್ಮನಿರ್ತಿದ್ವಿ. ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

ಅಪ್ಪ ಅಕ್ಕನ ಮುಖವನ್ನು ಎಣ್ಣೆ ಹಚ್ಚಿದ ಹತ್ತಿಯಿಂದ ನಿಧಾನವಾಗಿ ಒರೆಸಿದ. ಅತ್ತೆ, "ಬಲಗಡೆದು ಇರಲಿ ಬಿಡೋ," ಎಂದರೂ ಕೇಳದೆ ಅದನ್ನೂ ಒರೆಸಿದ. ಬೈದಿದ್ದರೆ ಡಬ್ಬಿಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

"ಈಗ್ಲೇ ಹೋಗಿ ಹೇಳ್ರೀ ಅವರಿಗೆ," ಎಂದಳು ಅಮ್ಮ. "ಕೈಯಲ್ಲ, ಸಾಮಾನು ಅಂತ."

"ಸಾಮಾನು ಯಾರು ಕೊಟ್ಟದ್ದು ಅಂತ ಕೇಳ್ತಾರೆ. ಗೊತ್ತಿರಲಿಲ್ವಾ ಅಂತ ಕೇಳ್ತಾರೆ. ಕೈ ಹೋಯ್ತು ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಗೊತ್ತಿದ್ದೂ ಮಗಳು ಸುಮ್ಮನಿದ್ಳು ಅಂದ್ರೆ ಏನಂತಾರೆ? ನನಗೆ ಮೊದಲನೇದೇ ಸಾಕು."

ಸೋಮವಾರದಿಂದ ಅಪ್ಪ ಇಸ್ತ್ರಿ ಕೋಣೆಗೆ ಹೋದ. ಮೇಕಪ್ ಕುರ್ಚಿಗೆ ಹೊಸಬನೊಬ್ಬ ಬಂದ. ಅವನಿಗೆ ವಿದ್ಯೆಗಿಂತ ಅವಸರ ಹೆಚ್ಚು. ಅಷ್ಟೆಲ್ಲ ಪದರ ಹಚ್ಚುವ ತಾಳ್ಮೆಯಿಲ್ಲದೆ ಪ್ರೈಮರ್ ಪೆಟ್ಟಿಗೆಯನ್ನು ಬೀರುವಿನ ತಳಕ್ಕೆ ತಳ್ಳಿ, ಬರೀ ಫೌಂಡೇಶನ್ ಬಳಿದು ಕಳಿಸಿದ. ಎಂಟರಮ್ಮ ಆ ವಾರವೆಲ್ಲ ಹೊಳೆದಳು. ಕೇಂದ್ರದಲ್ಲಿ ಎಲ್ಲರೂ, "ಎಷ್ಟಾದ್ರೂ ಎಳೇ ಕೈ," ಎಂದರು. ಅಪ್ಪ ಅದನ್ನೂ ಮನೆಗೆ ಬಂದು ಹೇಳಿದ. ಅತ್ತೆ ಚಮಚವನ್ನು ತಟ್ಟೆಗೆ ಎಸೆದಳು.

ಡಬ್ಬಿ ತಡೆಯಲಾರದೆ ಒಂದು ಮಧ್ಯಾಹ್ನ ರಜೆ ಹಾಕಿ ಕೇಂದ್ರಕ್ಕೆ ಹೋದಳು. ನಿರ್ಮಾಪಕರು ಒಂದು ಕಿವಿಯಲ್ಲಿ ಫೋನು ಇಟ್ಟುಕೊಂಡೇ ಅವಳನ್ನು ಕೂರಿಸಿದರು. ಅವಳು ಎಲ್ಲವನ್ನೂ ಹೇಳಿದಳು. ಪ್ರೈಮರ್, ಫೌಂಡೇಶನ್, ಬಾಟಲಿಯ ಬೆನ್ನು, ಭಾನುವಾರ, ಆದೇಶ, ಗುರುವಾರ. "ತಪ್ಪು ನನ್ನದು ಸಾರ್. ಅವರ ಕೈಗೆ ಏನೂ ಆಗಿಲ್ಲ. ಒಂದು ತಟ್ಟೆ ಕೊಡಿ, ಈಗಲೇ ತೋರಿಸ್ತೀನಿ."

ನಿರ್ಮಾಪಕರು ಫೋನನ್ನು ಎದೆಗೆ ಒತ್ತಿಕೊಂಡು ಅವಳನ್ನು ಕರುಣೆಯಿಂದ ನೋಡಿದರು. "ನೋಡಮ್ಮ, ಮೇಷ್ಟ್ರ ಕೈ ವಿಷಯ ಅವರೇ ನನಗೆ ಹೇಳಿದ್ದು. ನೀನು ಇಷ್ಟು ದೂರ ಬಂದು ಅಪ್ಪನ ಮರ್ಯಾದೆಗಾಗಿ ತಪ್ಪನ್ನೆಲ್ಲ ಮೈಮೇಲೆ ಎಳ್ಕೊಳ್ತಿದ್ದೀಯ. ನನಗೆ ಅರ್ಥ ಆಗುತ್ತೆ."

"ಎಳ್ಕೊಳ್ತಿಲ್ಲ ಸಾರ್, ಇರೋದೇ ನನ್ನದು!"

"ಆಯ್ತಮ್ಮ, ಆಯ್ತು. ಈಗ ಎಲ್ಲ ಸುಸೂತ್ರ ನಡೀತಿದೆ. ಹಾಗೇ ನಡೀಲಿ." ಅವರು ಫೋನಿಗೆ ಮರಳಿದರು. ಅವಳು ಬಾಗಿಲ ಬಳಿ ಒಂದು ಗಳಿಗೆ ನಿಂತು, ಮತ್ತೆ ಕರೆಯಬಹುದೆಂದು ಕಾದು, ಹೊರಟುಬಂದಳು.

ಆ ಸಂಜೆ ಅಪ್ಪ ಬೇಗ ಮನೆಗೆ ಬಂದ. ಇಸ್ತ್ರಿ ಕೋಣೆಯವರಿಗೆ ಆರಕ್ಕೇ ಬಿಡುವು. ಅಮ್ಮ ಅನ್ನ, ಬೇಳೆ, ಹುರಿದ ಆಲೂಗಡ್ಡೆ ತಂದಿಟ್ಟಳು. ಟೀವಿ ಹಾಕಿರಲಿಲ್ಲ; ಈಗೀಗ ಯಾರೂ ಹಾಕುತ್ತಿರಲಿಲ್ಲ. ಅಪ್ಪ ಎರಡು ತುತ್ತು ತಿಂದು, ನೀರು ಕುಡಿದು, ಯಾರ ಮುಖವನ್ನೂ ನೋಡದೆ ಮಾತು ತೆಗೆದ.

"ಇವತ್ತು ನಿರ್ಮಾಪಕರು ಇಸ್ತ್ರಿ ಕೋಣೆಗೇ ಬಂದಿದ್ರು."

ಡಬ್ಬಿಯ ಕೈ ತಟ್ಟೆಯಲ್ಲೇ ನಿಂತಿತು. ಅಮ್ಮ ಆಲೂಗಡ್ಡೆಯ ಬಟ್ಟಲನ್ನು ಕೆಳಗಿಟ್ಟಳು.

"ಏನಂದ್ರು?" ಎಂದು ಕೇಳಿದವಳು ಅತ್ತೆ.

"ಎಲ್ಲರೆದುರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ರು. ಮೇಷ್ಟ್ರೇ, ಇಂಥ ಮಗಳನ್ನ ಪಡೆಯೋಕೆ ನೀವು ಪುಣ್ಯ ಮಾಡಿರಬೇಕು ಅಂತ."

"ನೀನು ಏನಂದೆ ಅಪ್ಪ?" ಎಂದು ಡಬ್ಬಿ ಕೇಳಿದಳು.

"ಹೌದು ಅಂದೆ," ಎಂದ ಅಪ್ಪ. ಬೇಳೆಯ ಪಾತ್ರೆಯನ್ನು ಅವಳ ಕಡೆಗೆ ಸರಿಸಿ, ಮತ್ತೆ ಊಟಕ್ಕೆ ಬಗ್ಗಿದ.